ನಡುವಿನ ದಲ್ಲಾಳಿ

ಜೂನ್ ೮

ಅಪ್ಪನಿಗೆ,

ಒಂದು ಮಾತನ್ನು ಬರೆಯದೆ ಬಿಡೋಣ ಎಂದುಕೊಂಡೇ ಈ ಕಾಗದಕ್ಕೆ ಕೂತಿದ್ದೆ. ಶುರುಮಾಡಿ ಹರಿದದ್ದೂ ಆಯಿತು. ಕೊನೆಗೆ, ಬೇರೆ ಯಾರಿಂದಲೋ ತಿಳಿದು ನೀವು ನಗುವುದಕ್ಕಿಂತ ನಾನೇ ಹೇಳಿ ನಗಿಸುವುದು ವಾಸಿ ಅನ್ನಿಸಿತು. ನನ್ನ ಪ್ರೋಗ್ರಾಂ ನಿಧಾನವಾಗಿದೆ.

ಸ್ವಲ್ಪ ನಿಧಾನ ಅಲ್ಲ. ಬಸ್ಸುಗಳಲ್ಲಿ ಜನ ಮರೆತು ಹೋದ ಸಾಮಾನೆಲ್ಲ ನಮ್ಮ ಕಚೇರಿಗೆ ಬರುತ್ತದೆ, ನಿಮಗೆ ಗೊತ್ತೇ ಇದೆ. ಮಳೆ ಶುರುವಾದ ಮೇಲೆ ಎಲ್ಲಿ ನೋಡಿದರೂ ಛತ್ರಿ. ಯಾರಾದರೂ ಬಂದು ‘ಕಪ್ಪು ಛತ್ರಿ, ಹಿಡಿ ಸ್ವಲ್ಪ ಸೀಳಿದೆ’ ಎಂದರೆ ಕೌಂಟರಿನಾಕೆ ಅದನ್ನು ಟೈಪ್ ಮಾಡುತ್ತಾಳೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗುತ್ತದೆ. ಆಕೆ ಎದ್ದು ಹೋಗಿ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರುತ್ತಾಳೆ. ಚಕ್ರ ಇನ್ನೂ ತಿರುಗುತ್ತಿರುತ್ತದೆ. ಮೊನ್ನೆ ಹಲ್ಲಿನ ಸೆಟ್ಟು ಕಳೆದುಕೊಂಡ ಹಿರಿಯರೊಬ್ಬರು ಕಾದು ಕಾದು ಸುಸ್ತಾಗಿ, “ಯಾವ್ದಾದ್ರೂ ಒಂದು ಕೊಡಮ್ಮ, ಹೊಂದಿಸ್ಕೋತೀನಿ” ಎಂದರಂತೆ.

ನೀವು ಈಗ ಏನು ಹೇಳುತ್ತೀರಿ ಎನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಊಟದ ಮೇಜಿನಲ್ಲಿ ವರ್ಷಗಟ್ಟಲೆ ನಡೆದ ಜಗಳ ಅದು. “ಡೇಟಾಬೇಸಿನ ಹತ್ತಿರ ಅದರ ಭಾಷೆಯಲ್ಲೇ ಮಾತಾಡು, ನಡುವೆ ದಲ್ಲಾಳಿ ಯಾಕೆ?” ಅಂತ ನೀವು. ನಡುವೆ ಒಂದು ಪದರ ಇರಲಿ, ನಾವು ನಮ್ಮ ಮಾತಿನಲ್ಲಿ ಕೇಳೋಣ, ಅದು ಡೇಟಾಬೇಸಿನ ಮಾತಿಗೆ ತಿರುಗಿಸಿಕೊಳ್ಳಲಿ, ನಾಳೆ ಕಂಪನಿಯವರು ಡೇಟಾಬೇಸನ್ನೇ ಬದಲಾಯಿಸಿದರೂ ನಮ್ಮ ಪ್ರೋಗ್ರಾಂ ಕೆಡುವುದಿಲ್ಲ ಅಂತ ನಾನು. ನನ್ನ ವಾದ ಈಗಲೂ ಅದೇ. ಆದರೆ ‘ನಾಳೆ’ ಇನ್ನೂ ಬಂದಿಲ್ಲ, ಛತ್ರಿಯವರು ಇವತ್ತೇ ಬಂದು ನಿಂತಿದ್ದಾರೆ. ಮ್ಯಾನೇಜರು ಮಾತ್ರ “ಮೊದಲಿನ ಹಾಗೆ ರಟ್ಟಿನ ಚೀಟಿ ಕಟ್ಟಿದ್ರೇ ಚೆನ್ನಾಗಿತ್ತೇನೋ” ಎಂದು ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದರು.

ಇನ್ನು ಮನೆ. ನಿಮ್ಮ ಗೆಳೆಯ ಬೋಲ್ಟ್ ಮಾಮನ ಗೋದಾಮಿಗೆ ಎರಡು ವಾರ ಎಂದು ಹೋದವರು ನೀವು, ಮೂರು ತಿಂಗಳಾಯಿತು. ಅಮ್ಮ ನಿಮ್ಮ ಹಳೆಯ ಕಂಪ್ಯೂಟರ್ ಪುಸ್ತಕಗಳನ್ನು ರದ್ದಿಯವನಿಗೆ ಕೊಟ್ಟ ಮರುದಿನವೇ ನೀವು ಚೀಲ ಎತ್ತಿಕೊಂಡು ಹೊರಟಿರಿ. ಅಂದಿನಿಂದ ಇಬ್ಬರೂ ಒಂದು ಮಾತನ್ನೂ ನೇರವಾಗಿ ಆಡಿಲ್ಲ. ಫೋನ್ ಮಾಡಿದರೆ ನಿಮ್ಮ ಕಿವಿಯ ಯಂತ್ರ ಸೀಟಿ ಹೊಡೆಯುತ್ತದೆ. ಮೊಬೈಲಿನಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ನಿಮ್ಮ ಹಟ. “ನಾನು ಬರೆಯಲ್ಲ, ನಾನು ಹೇಳ್ತೀನಿ, ನೀನು ಬರಿ” ಎಂದು ಅಮ್ಮನ ಹಟ. ಹಾಗಾಗಿ ಬರೆಯುತ್ತಿದ್ದೇನೆ: ಅಮ್ಮ ಆರೋಗ್ಯವಾಗಿದ್ದಾಳೆ. ನಿಮ್ಮ ವಸತಿ, ಬಟ್ಟೆಬರೆಯ ವ್ಯವಸ್ಥೆ ಸಮರ್ಪಕವಾಗಿದೆಯೇ ಎಂದು ವಿಚಾರಿಸಿದಳು. ಪುಸ್ತಕಗಳ ವಿಷಯದಲ್ಲಿ ಅವಳಿಗೂ ಬೇಸರವಿದೆ.

ನಿಮ್ಮ
ಮಗಳು


ಜೂನ್ ೧೭

ಪುಟ್ಟಿ,

ನಕ್ಕೆ. ಎಷ್ಟು ಜೋರಾಗಿ ನಕ್ಕೆನೆಂದರೆ ಬೋಲ್ಟು ಗೋದಾಮಿನ ಆ ತುದಿಯಿಂದ ಏನೋ ಕಪಾಟು ಬಿತ್ತೆಂದು ಓಡಿ ಬಂದ. ಅವನಿಗೂ ಓದಿ ಹೇಳಿದೆ. ಹಲ್ಲಿನ ಸೆಟ್ಟಿನವರ ಕಥೆಗೆ ನಕ್ಕ. ದಲ್ಲಾಳಿಯ ಕಥೆ ಅರ್ಥವಾಗಲಿಲ್ಲ. ಅವನಿಗೆ ನಟ್ಟು, ಬೋಲ್ಟು, ವಾಷರು ಬಿಟ್ಟು ಜಗತ್ತಿನಲ್ಲಿ ಬೇರೇನೂ ಇಲ್ಲ.

ಈಗ ಕೆಲಸದ ಮಾತು. ನಿನ್ನ ದಲ್ಲಾಳಿ ನಿನ್ನ ಮಾತನ್ನು ತಿರುಗಿಸಿ ಡೇಟಾಬೇಸಿಗೆ ನಿಜವಾಗಿ ಏನು ಹೇಳುತ್ತಿದ್ದಾನೆ, ಒಮ್ಮೆಯಾದರೂ ಕೇಳಿದ್ದೀಯಾ? ಲಾಗ್ ತೆಗೆದು ನೋಡು. ಅಲ್ಲಿ ಹೋದದ್ದು ಬಂದದ್ದು ಎಲ್ಲ ಸಾಲಾಗಿ ಬರೆದಿರುತ್ತದೆ. ನನ್ನ ಪ್ರಕಾರ ಅವನು ಅಂಗಡಿಗೆ ಹೋಗಿ ಒಂದೊಂದೇ ಈರುಳ್ಳಿ ತರುವ ಜಾತಿಯವನು. ಒಂದು ಚೀಲ ಈರುಳ್ಳಿ ತಾ ಎಂದರೆ, ಹೋಗಿ ಒಂದು ತರುತ್ತಾನೆ. ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಇನ್ನೊಂದು. ಅವನಿಗೂ ಸುಸ್ತು, ಅಂಗಡಿಯವನಿಗೂ ಸುಸ್ತು, ಒಲೆಯ ಮುಂದೆ ನಿಂತವರಿಗಂತೂ ಹಬ್ಬ.

ಇಲ್ಲಿ ನೋಡು, ಬೋಲ್ಟಿಗೆ ನಾನು ಬರೆದುಕೊಟ್ಟ ಪ್ರೋಗ್ರಾಂಗೆ ನಿನ್ನ ವಯಸ್ಸಿನ ಮುಕ್ಕಾಲು ಭಾಗ ವಯಸ್ಸು. ಗಿರಾಕಿ ಅಳತೆ ಹೇಳಿ ಬಾಯಿ ಮುಚ್ಚುವುದರೊಳಗೆ ಯಾವ ಕಪಾಟು, ಯಾವ ಡಬ್ಬಿ ಎಂದು ತೋರಿಸುತ್ತದೆ. ನಡುವೆ ಯಾರೂ ಇಲ್ಲ. ನಾನು, ಡೇಟಾಬೇಸು, ಅಷ್ಟೇ.

ಅಂದ ಹಾಗೆ ನಿಮ್ಮಮ್ಮ ‘ಸಮರ್ಪಕ’ ಎಂದಳೇ? ನಲವತ್ತೈದು ವರ್ಷದ ಸಂಸಾರದಲ್ಲಿ ಆ ಪದ ಅವಳ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಆರೋಗ್ಯ ನಿಜವಾಗಿಯೂ ಸರಿಯಿದೆಯೋ? ಒಮ್ಮೆ ಡಾಕ್ಟರಿಗೆ ತೋರಿಸು.

ಇನ್ನೊಂದು ಸಣ್ಣ ವಿಷಯ. ಅಂಥಾ ಅವಸರವೇನಿಲ್ಲ. ರದ್ದಿಗೆ ಹೋದ ಪುಸ್ತಕಗಳಲ್ಲಿ ಒಂದು ದಪ್ಪನೆಯದು, ನೀಲಿ ರಟ್ಟಿನದು ಇತ್ತು. ಅದೂ ಹೋಯಿತೋ, ಉಳಿದಿದೆಯೋ ಕೇಳಿ ನೋಡು. ಸುಮ್ಮನೆ ಕೇಳಿದೆ.

ನಿನ್ನ
ಅಪ್ಪ


ಜುಲೈ ೨

ಅಪ್ಪನಿಗೆ,

ಲಾಗ್ ನೋಡಿದೆ. ನೋಡಬಾರದಿತ್ತು.

ಕೌಂಟರಿನಾಕೆ ಒಂದೇ ಒಂದು ಪ್ರಶ್ನೆ ಕೇಳಿದ್ದಳು: ಏಳನೇ ನಂಬರ್ ಬಸ್ಸಿನಲ್ಲಿ ಸಿಕ್ಕ, ಹಿಡಿ ಸೀಳಿದ ಕಪ್ಪು ಛತ್ರಿ ಇದೆಯೇ? ನನ್ನ ಪದರ ಡೇಟಾಬೇಸಿಗೆ ಹೋಗಿ, ಎಲ್ಲ ಛತ್ರಿಗಳನ್ನೂ ಕೊಡು ಎಂದಿತು. ಕೊಟ್ಟಿತು. ಆಮೇಲೆ ಒಂದೊಂದೇ ಛತ್ರಿಯನ್ನು ಹಿಡಿದುಕೊಂಡು, ಇದರ ಬಣ್ಣ ಯಾವುದು ಎಂದು ಕೇಳಲು ಮತ್ತೆ ಹೋಯಿತು. ಕೆಂಪು. ವಾಪಸ್ ಬಂತು. ಇದು ಯಾವ ಬಸ್ಸಿನದು ಎಂದು ಕೇಳಲು ಇನ್ನೊಮ್ಮೆ ಹೋಯಿತು. ಕೆಂಪು ಎಂದು ಗೊತ್ತಾದ ಮೇಲೂ ಹೋಯಿತು, ಅಪ್ಪಾ. ಹಿಡಿಯ ಸ್ಥಿತಿ ಕೇಳಲು ಮತ್ತೆ. ಆಮೇಲೆ ಮುಂದಿನ ಛತ್ರಿ. ಪರದೆಯ ಮೇಲೆ ಆ ಸಾಲುಗಳು ಹರಿಯುತ್ತಲೇ ಇದ್ದವು, ನಾನು ಕೈ ಕಟ್ಟಿ ನೋಡುತ್ತ ನಿಂತಿದ್ದೆ. ನಿಮ್ಮ ಈರುಳ್ಳಿಯವನು ಇವನಿಗಿಂತ ಬುದ್ಧಿವಂತ, ಅವನು ಕೊಳೆತದ್ದನ್ನಾದರೂ ಬಿಟ್ಟು ಬರುತ್ತಾನೆ.

ಅಷ್ಟಾದರೂ ಪದರವನ್ನು ಕಿತ್ತು ಬಿಸಾಡಲು ನನಗೆ ಮನಸ್ಸಿಲ್ಲ. ಅದು ಸಭ್ಯವಾದ ಕೆಲಸಗಾರ. ನಾವು ಏನನ್ನು ಹೇಗೆ ಕೇಳಿದರೂ ತಪ್ಪು ತಿಳಿಯುವುದಿಲ್ಲ, ಅಪಾಯದ ಮಾತನ್ನು ಡೇಟಾಬೇಸಿನ ತನಕ ಬಿಡುವುದಿಲ್ಲ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಎರಡು ದಿನದಲ್ಲಿ ಅರ್ಥವಾಗುತ್ತದೆ. ಎಲ್ಲರೂ ಡೇಟಾಬೇಸಿನ ಜೊತೆ ತಮತಮಗೆ ತೋಚಿದಂತೆ ನೇರವಾಗಿ ಮಾತಾಡತೊಡಗಿದರೆ ಅದೊಂದು ಸಂತೆ. ಅಥವಾ ನಾನು ಇಷ್ಟು ವಾದಿಸುತ್ತಿರುವುದೇ ನನ್ನ ಹಾಗೇ ನಡುವೆ ನಿಂತವನನ್ನು ನಾನು ಬಿಟ್ಟುಕೊಡಲಾರದೆ ಇರಬಹುದೋ ಏನೋ. ನನಗೂ ಗೊತ್ತಿಲ್ಲ.

ಅಮ್ಮನನ್ನು ಡಾಕ್ಟರಿಗೆ ತೋರಿಸುವ ಅಗತ್ಯ ಕಾಣಲಿಲ್ಲ. ನೀಲಿ ಪುಸ್ತಕದ ಬಗ್ಗೆ ಕೇಳಿದೆ. ಆ ವಿಷಯದಲ್ಲಿ ಸದ್ಯಕ್ಕೆ ಮಾತಾಡುವ ಮನಸ್ಥಿತಿಯಲ್ಲಿ ಅವಳಿಲ್ಲ. ಮತ್ತೊಂದು ವಿಷಯ: ನಿಮ್ಮ ಕೋಣೆ ಖಾಲಿ ಇರುವುದರಿಂದ ಅಲ್ಲಿ ಹೊಲಿಗೆ ಮಿಷನ್ ಇಟ್ಟುಕೊಳ್ಳುವ ಆಲೋಚನೆ ಅವಳಿಗಿದೆ. ನಿಮ್ಮ ಆಕ್ಷೇಪಣೆ ಇದ್ದರೆ ತಿಳಿಸಬಹುದು.

ನಿಮ್ಮ
ಮಗಳು


ಜುಲೈ ೧೯

ಪುಟ್ಟಿ,

ಕೋಣೆಯ ವಿಷಯದಲ್ಲಿ ನನ್ನ ಆಕ್ಷೇಪಣೆ ಇಲ್ಲ ಎಂದು ನಿಮ್ಮಮ್ಮನಿಗೆ ತಿಳಿಸು. ಕಿಟಕಿಯ ಬೆಳಕು ಹೊಲಿಗೆಗೆ ಒಳ್ಳೆಯದು. ನನ್ನ ಮೇಜನ್ನು ಗೋಡೆಗೆ ತಳ್ಳಿದರೆ ಜಾಗ ಸಾಕಾಗುತ್ತದೆ.

ಗೋದಾಮಿನ ಮೇಲೆ ಒಂದು ಕೋಣೆಯಿದೆ. ಬೋಲ್ಟು ಅದಕ್ಕೆ ಸುಣ್ಣ ಹೊಡೆಸುತ್ತೇನೆ ಎನ್ನುತ್ತಿದ್ದಾನೆ. ವರ್ಷದ ಕೊನೆಯವರೆಗೂ ಇರು, ಆಮೇಲೆ ನೋಡೋಣ ಎನ್ನುತ್ತಾನೆ. ಬೇಡ ಎನ್ನಲು ನನಗೂ ಕಾರಣ ಹೊಳೆಯುತ್ತಿಲ್ಲ. ಇಲ್ಲಿನ ಗಂಜಿಯೂ ಅಭ್ಯಾಸವಾಗುತ್ತಿದೆ.

ನೀನು ನಿನ್ನದನ್ನು ಒಪ್ಪಿಕೊಂಡ ಮೇಲೆ ನಾನು ಮೀಸೆ ತಿರುವುತ್ತ ಕೂತರೆ ಸರಿಯಲ್ಲ. ಕೇಳು. ಬೋಲ್ಟಿನ ಹಳೆಯ ಯಂತ್ರ ಸಾಯುತ್ತಿದೆ. ಒಳಗಿನಿಂದ ಕಾಫಿಪುಡಿ ಬೀಸುವ ಹಾಗೆ ಸದ್ದು ಬರುತ್ತದೆ. ಹೊಸ ಯಂತ್ರ ತಂದಿಟ್ಟಿದ್ದಾನೆ, ಹೊಸ ಡೇಟಾಬೇಸೂ ಇದೆ. ಹಳೆಯ ಪ್ರೋಗ್ರಾಂ ಅದರಲ್ಲಿ ಕೂರಿಸಬೇಕು, ಎರಡು ವಾರದ ಕೆಲಸ ಎಂದು ಬಂದೆ. ಹೊಸದು ನನ್ನ ಮೊದಲ ಸಾಲಿಗೇ, ಇದು ಯಾವ ಭಾಷೆ ಎಂದು ಕೇಳಿತು. ಎರಡನೆಯದಕ್ಕೂ ಅದೇ. ಆ ಹಳೆಯ ಡೇಟಾಬೇಸಿಗೆ ಮಾತ್ರ ಗೊತ್ತಿದ್ದ ಗುಟ್ಟಿನ ಮಾತುಗಳನ್ನೆಲ್ಲ ಹುಡುಕಿ ಹುಡುಕಿ ಬಳಸಿದ್ದೇನೆ. ಅದಕ್ಕೇ ಅಷ್ಟು ವೇಗ. ಅದಕ್ಕೇ ಈಗ ಒಂದು ಹೆಜ್ಜೆ ಆಚೆ ಬರುತ್ತಿಲ್ಲ. ಹೆಚ್ಚಿನ ಸಾಲುಗಳ ಅರ್ಥ ನನಗೇ ಮರೆತಿದೆ. ಮೊನ್ನೆ ಒಂದು ಸಾಲು ಬಿಡಿಸುತ್ತ, ಇದನ್ನು ಯಾವ ಜಾಣ ಕತ್ತೆ ಬರೆದನೋ ಎಂದು ಜೋರಾಗಿ ಬೈದೆ. ಬೋಲ್ಟು ನನ್ನ ಮುಖವನ್ನೇ ನೋಡುತ್ತಿದ್ದ.

ಆ ಮಾತುಗಳ ಅರ್ಥ ಪೂರ್ತಿಯಾಗಿ ಇದ್ದದ್ದು ನೀಲಿ ಪುಸ್ತಕದಲ್ಲಿ. ಆ ಡೇಟಾಬೇಸನ್ನು ಮಾಡಿದ ಕಂಪನಿ ಮುಚ್ಚಿ ಯಾವುದೋ ಕಾಲವಾಯಿತು, ಬೇರೆಲ್ಲೂ ಸಿಗಲಿಲ್ಲ. ಹೋದದ್ದು ಹೋಯಿತು. ಒಂದೊಂದೇ ಸಾಲು ನೆನಪಿನಿಂದ ಬಿಡಿಸುತ್ತಿದ್ದೇನೆ. ಈ ಲೆಕ್ಕದಲ್ಲಿ ಮುಗಿಯುವ ಹೊತ್ತಿಗೆ ನಿಮ್ಮಮ್ಮ ಊರಿಗೆಲ್ಲ ಬಟ್ಟೆ ಹೊಲಿದು ಮುಗಿಸಿರುತ್ತಾಳೆ.

ಇದನ್ನು ಅವಳಿಗೆ ಹೇಳಬೇಡ.

ನಿನ್ನ
ಅಪ್ಪ


ಆಗಸ್ಟ್ ೯

ಅಪ್ಪನಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಎಲ್ಲವನ್ನೂ ಅಲ್ಲ, ಯಾವಾಗಲೂ ಹೇಳುವಷ್ಟು. ಅಮ್ಮ ಕಿಟಕಿ ಒರೆಸುತ್ತಿದ್ದಳು. ‘ಕೋಣೆಯ ವಿಷಯದಲ್ಲಿ ಆಕ್ಷೇಪಣೆ ಇಲ್ಲ’ ಎಂದು ಓದಿದೆ. ಒರೆಸುವ ಕೈ ನಿಂತಿತು.

“ಹಾಗೇ ಬರ್ದಿದ್ದಾರಾ?”

“ಹೂಂ.”

“ಬೇರೇನೂ ಇಲ್ವಾ?”

“ಕಿಟಕಿಯ ಬೆಳಕು ಹೊಲಿಗೆಗೆ ಒಳ್ಳೇದಂತೆ.”

ಅಮ್ಮ ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸಿದಳು. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನನ್ನ ಎದುರು ಬಂದು ಕೂತಳು. “ನಾನು ಹೇಳಿದ್ದನ್ನ ಹೇಳಿದ ಹಾಗೇ ಬರ್ದಿದ್ಯಾ ನೀನು?”

“ಹೆಚ್ಚುಕಮ್ಮಿ.”

“ಹೆಚ್ಚೋ, ಕಮ್ಮಿಯೋ?”

ಹೊಲಿಗೆ ಮಿಷನ್ನು ಇನ್ನೂ ಪಡಸಾಲೆಯಲ್ಲೇ ಇದೆ. ಅವಳು ಅದನ್ನು ನಿಮ್ಮ ಕೋಣೆಯ ಕಡೆಗೆ ಒಂದು ಗೇಣೂ ಸರಿಸಿಲ್ಲ. ಎರಡು ದಿನದಿಂದ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿಲ್ಲ. ಅಮ್ಮ ಸದ್ದಿಲ್ಲದೆ ಪಾತ್ರೆ ಇಡುತ್ತಾಳೆಂದರೆ ಏನರ್ಥ ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ಪ್ರೋಗ್ರಾಂನ ಲಾಗ್ ನೋಡು ಎಂದಿರಿ. ನನ್ನ ಲಾಗನ್ನೂ ನೀವು ನೋಡಬೇಕು. ಮನಸ್ಸಿನಲ್ಲಿ ಉಳಿದಷ್ಟನ್ನು, ಅಮ್ಮನ ಬಾಯಿಂದ ಬಂದ ಹಾಗೇ ಬರೆಯುತ್ತೇನೆ.

ಜೂನ್ ತಿಂಗಳ ಕಾಗದದಲ್ಲಿ ‘ಅಮ್ಮ ಆರೋಗ್ಯವಾಗಿದ್ದಾಳೆ’ ಎಂದು ಬರೆದೆನಲ್ಲ, ಅವಳು ಹೇಳಿದ್ದು ಇದು: “ಇನ್ನೂ ಸತ್ತಿಲ್ಲ ಅಂತ ಬರಿ. ಅವರು ವಿಚಾರಿಸಿಕೊಳ್ಳೋ ಚೆಂದಕ್ಕೆ ಸಾಯೋದೂ ಬೇಜಾರು.” ‘ವಸತಿ, ಬಟ್ಟೆಬರೆಯ ವ್ಯವಸ್ಥೆ ಸಮರ್ಪಕವಾಗಿದೆಯೇ’ ಎಂದದ್ದರ ಮೂಲ: “ಆ ಮಹಾರಾಜರ ಬನಿಯನ್ ಯಾರು ಒಗೀತಿದ್ದಾರಂತೆ ಅಲ್ಲಿ? ಬೋಲ್ಟಾ? ಗ್ರೀಸ್ ಹಚ್ಚಿ ಒಗೀತಾನಾ?” ಪುಸ್ತಕಗಳ ಬಗ್ಗೆ ಬೇಸರವಿದೆ ಎಂದದ್ದಕ್ಕೆ: “ಹತ್ತು ವರ್ಷದಿಂದ ತೆಗೆದು ನೋಡದೇ ಇದ್ದೋರು, ಕೊಟ್ಟ ಮೇಲೆ ಹೆತ್ತ ಮಕ್ಕಳನ್ನ ಕೊಟ್ಟ ಹಾಗೆ ಆಡಿದ್ರು. ನನ್ನ ಹತ್ರ ಒಂದು ಮಾತು ಜಗಳ ಆಡಿದ್ರೂ ಸಾಕಿತ್ತು. ಚೀಲ ಹಿಡ್ಕೊಂಡು ಹೊರಟೇಬಿಟ್ರು.”

ಕೋಣೆಯದು ಇನ್ನೂ ಕೆಟ್ಟದ್ದು. ಅವಳು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಬರೆದೆ. ಪೂರ್ತಿ ಹೀಗಿತ್ತು: “ಆ ರೂಮಲ್ಲಿ ಹೊಲಿಗೆ ಮಿಷನ್ ಇಡ್ತೀನಿ ಅಂತ ಬರಿ. ಆಗಾದ್ರೂ ಎದ್ದು ಬಿದ್ದು ಓಡಿ ಬರ್ತಾರೋ ಇಲ್ವೋ ನೋಡೋಣ.”

ನೀಲಿ ಪುಸ್ತಕದ ಬಗ್ಗೆ ಕೇಳಿದಾಗ ಅವಳು ಉರಿದುಬಿದ್ದಳು. “ಮೂರು ತಿಂಗಳಾದ ಮೇಲೆ ಕೇಳಿದ್ದು ಪುಸ್ತಕಾನಾ? ಆ ನೀಲಿ ಪುಸ್ತಕ ನನ್ನ ಬೀರು ಕಾಲ ಕೆಳಗೆ ಬಿದ್ದಿದೆ ಅಂತ ಬರಿ. ಬೇಕಿದ್ರೆ ಬಂದು ಬೀರು ಹೊತ್ಕೊಂಡು ನಿಂತ್ಕೊಳ್ಳಲಿ, ತೆಕ್ಕೊಡ್ತೀನಿ.” ಇದು ಬೈಗುಳ, ಇದರಲ್ಲಿ ತಿಳಿಸುವಂಥದ್ದೇನೂ ಇಲ್ಲ ಎಂದುಕೊಂಡೆ. ‘ಮಾತಾಡುವ ಮನಸ್ಥಿತಿಯಲ್ಲಿ ಇಲ್ಲ’ ಎಂದು ಬರೆದು ಮುಗಿಸಿದೆ.

ಯಾಕೆ ಹೀಗೆ ಮಾಡಿದೆ ಎಂದು ಯೋಚಿಸುತ್ತಿದ್ದೇನೆ. ಕಾಗದ ಎಂದರೆ ಅದಕ್ಕೊಂದು ರೀತಿಯಿದೆ, ಸಿಟ್ಟನ್ನು ತೆಗೆದು ವಿಷಯವನ್ನಷ್ಟೇ ಕಳಿಸಬೇಕು ಎಂದು ನನ್ನ ಇಂಗ್ಲಿಷ್ ಶಾಲೆಯ ಟೀಚರುಗಳು ಕಲಿಸಿದ್ದು ಮೈಗೆ ಹತ್ತಿರಬೇಕು. ಅಥವಾ ನೀವಿಬ್ಬರೂ ಜಗಳ ಆಡುವುದನ್ನು ಕೇಳಲು ನನಗೆ ಭಯವಿರಬೇಕು. ಅಮ್ಮನ ಸಿಟ್ಟನ್ನು ತೆಗೆದರೆ ಅಮ್ಮನೇ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಬೇಕಿತ್ತು. ಇಷ್ಟು ದಿನ ನಿಮ್ಮ ಮೇಜಿಗೆ ಬರುತ್ತಿದ್ದದ್ದು ಯಾರೋ ಆಫೀಸಿನ ಹೆಂಗಸಿನ ಕಾಗದ.

ಬೈಯುವುದಿದ್ದರೆ ನನ್ನನ್ನು ಬೈಯಿರಿ. ಆದರೆ ಬೋಲ್ಟ್ ಮಾಮನಿಗೆ ಸುಣ್ಣ ಹೊಡೆಸುವುದು ಬೇಡ ಎನ್ನಿ.

ನಿಮ್ಮ
ದಲ್ಲಾಳಿ


ಆಗಸ್ಟ್ ೧೮

ಪುಟ್ಟಿ,

ಬೀರುವಿನ ಕೆಳಗೆ!

ದಡ್ಡಿ, ಅದು ಬೈಗುಳವಲ್ಲ, ವಿಳಾಸ. ಹೋಗಿ ಬಗ್ಗಿ ನೋಡು. ಮನೆ ಬದಲಾಯಿಸಿದ ವರ್ಷ ಆ ಬೀರುವಿನ ಹಿಂದಿನ ಬಲಗಾಲು ಮುರಿಯಿತು. ಇಟ್ಟಿಗೆ ಇಟ್ಟೆ, ಎತ್ತರ ಜಾಸ್ತಿಯಾಯಿತು. ಹಲಗೆ ಇಟ್ಟೆ, ಕಮ್ಮಿಯಾಯಿತು. “ಏನ್ರೀ, ಆ ಪುಸ್ತಕಗಳಲ್ಲಿ ಒಂದನ್ನಾದ್ರೂ ಉಪಯೋಗಕ್ಕೆ ಬರೋ ಹಾಗೆ ಮಾಡಿ” ಎಂದು ನಿಮ್ಮಮ್ಮ ಅಂದದ್ದು, ನಾನು ಸಿಟ್ಟಿನಿಂದ ಕೈಗೆ ಸಿಕ್ಕಿದ್ದನ್ನು ತುರುಕಿದ್ದು, ಅದು ಅಳತೆ ತೆಗೆದಂತೆ ಕೂತದ್ದು, ಎಲ್ಲ ನಿನ್ನ ಕಾಗದ ಓದುತ್ತಿದ್ದ ಹಾಗೇ ನೆನಪಾಯಿತು. ತುರುಕಿದವನು ನಾನೇ. ಕಪಾಟಿನಲ್ಲಿಟ್ಟೆ ಎಂದುಕೊಂಡಿದ್ದೆ. ನೀನು ಕೇಳಿದ ದಿನವೇ ಅವಳು ಸರಿಯಾದ ಉತ್ತರ ಕೊಟ್ಟಿದ್ದಾಳೆ. ನಾನಿಲ್ಲಿ ಒಂದೂವರೆ ತಿಂಗಳಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ.

ನಿನ್ನ ಲಾಗನ್ನು ಮತ್ತೆ ಮತ್ತೆ ಓದಿದೆ. ‘ಗ್ರೀಸ್ ಹಚ್ಚಿ ಒಗೀತಾನಾ’ ಎನ್ನುವಲ್ಲಿ ಬೋಲ್ಟಿಗೂ ಕೊಟ್ಟೆ. ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, “ಅತ್ತಿಗೆ ಇನ್ನೂ ಹಾಗೇ ಇದ್ದಾರಲ್ಲೋ, ನೀನ್ಯಾಕೋ ಇಲ್ಲಿ ಕೂತಿದ್ದೀಯಾ?” ಎಂದ. ಸುಣ್ಣದ ಡಬ್ಬ ವಾಪಸ್ ಹೋಯಿತು.

ನಿನ್ನ ಮೇಲೆ ಸಿಟ್ಟಿಲ್ಲ. ಇದ್ದದ್ದು ಇಳಿಯಿತು. ಇನ್ನೊಂದು ಮಾತು, ಯಾರಿಗೂ ಹೇಳಬೇಡ. ಹೊಸದಾಗಿ ಬರೆಯುತ್ತಿರುವುದರಲ್ಲಿ ನಡುವೆ ಒಂದು ತೆಳ್ಳನೆಯ ದಲ್ಲಾಳಿಯನ್ನು ಇಡುತ್ತಿದ್ದೇನೆ. ಮುಂದೆ ಗೋದಾಮು ನೋಡಿಕೊಳ್ಳುವ ಬೋಲ್ಟಿನ ಮಗಳಿಗೆ ಇದೇ ಪಾಡು ಬರಬಾರದು. ಬಹಳ ಬಳಸುವ ಕೆಲವು ಜಾಗದಲ್ಲಿ ಮಾತ್ರ ನೇರ. ನಿನ್ನ ಛತ್ರಿಗಳಿಗೂ ಅಷ್ಟು ಮಾಡಿ ನೋಡು. ಇಡೀ ದಲ್ಲಾಳಿಯನ್ನು ಓಡಿಸಬೇಡ. ಈರುಳ್ಳಿ ತರಲು ಮಾತ್ರ ಅವನನ್ನು ಕಳಿಸಬೇಡ.

ಇದರೊಳಗೆ ಇನ್ನೊಂದು ಲಕೋಟೆ ಇದೆ. ಅದು ನಿಮ್ಮಮ್ಮನಿಗೆ. ಓದಿ ಹೇಳುವುದು ಬೇಡ, ಕೈಗೆ ಕೊಡು.

ಪುಸ್ತಕವನ್ನು ಮಾತ್ರ ಎಳೆದು ತೆಗೆಯಲು ಹೋಗಬೇಡ. ಬೀರು ಮೈಮೇಲೆ ಬಿದ್ದೀತು.

ನಿನ್ನ
ಅಪ್ಪ


ಸೆಪ್ಟೆಂಬರ್ ೧೨, ಶನಿವಾರ

ಅಪ್ಪನಿಗೆ,

ಬಗ್ಗಿ ನೋಡಿದೆ. ಬೀರುವಿಗೆ ಅಮ್ಮ ಹಾಕಿರುವ ಹೊದಿಕೆಯ ಅಂಚನ್ನು ಎತ್ತಿ ಟಾರ್ಚ್ ಬಿಟ್ಟರೆ ನೀಲಿ ರಟ್ಟು. ಅದರ ಮೇಲೆ ಬೀರುವಿನ ಕಾಲು ಆನೆ ಪಾದದ ಹಾಗೆ ಕೂತಿದೆ. ಈ ಮನೆಯಲ್ಲೇ ಇದ್ದೂ ನಾನು ನೋಡಿರಲಿಲ್ಲ.

ನಿಮ್ಮ ಲಕೋಟೆಯನ್ನು ಅಮ್ಮನ ಕೈಗೆ ಕೊಟ್ಟೆ. “ಓದಿ ಹೇಳು” ಎಂದಳು. “ಓದಬಾರದಂತೆ” ಎಂದೆ. ಕನ್ನಡಕ ಹುಡುಕಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ “ಅಯ್ಯೋ ಮೂದೇವಿ” ಎನ್ನುವುದು ಕೇಳಿಸಿತು. ಆ ದನಿ ನನಗೆ ಚಿಕ್ಕಂದಿನಿಂದ ಗೊತ್ತು. ಆ ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳು ಮೊದಲಿನ ಹಾಗೆ ಢಣಢಣ ಎಂದವು.

ನೀವು ಏನು ಬರೆದಿದ್ದೀರೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆ ಬಹಳ ಇದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆಫೀಸಿನಲ್ಲಿ ನೀವು ಹೇಳಿದ ಹಾಗೆ ಮಾಡಿದೆ. ಛತ್ರಿ, ಚೀಲ, ಕನ್ನಡಕ, ಜನ ಹೆಚ್ಚು ಕಳೆದುಕೊಳ್ಳುವ ಈ ಮೂರಕ್ಕೆ ಡೇಟಾಬೇಸನ್ನು ಅದರ ಮಾತಿನಲ್ಲೇ, ಒಂದೇ ಉಸಿರಿಗೆ ಕೇಳುತ್ತೇನೆ. ಉಳಿದದ್ದಕ್ಕೆಲ್ಲ ಪದರ ಇದ್ದ ಹಾಗೇ ಇದೆ. ಆ ಮೂರು ಜಾಗದಲ್ಲಿ ‘ಇಲ್ಲಿ ದಲ್ಲಾಳಿ ಇಲ್ಲ, ಡೇಟಾಬೇಸ್ ಬದಲಾದರೆ ಮೊದಲು ಇಲ್ಲಿಗೆ ಬನ್ನಿ’ ಎಂದು ಬರೆದಿಟ್ಟಿದ್ದೇನೆ. ಈಗ ಚಕ್ರ ತಿರುಗಲು ಶುರುಮಾಡುವ ಮೊದಲೇ ಛತ್ರಿ ಸಿಗುತ್ತದೆ. ಕಾಫಿ ಕುಡಿಯಲು ನೆಪವಿಲ್ಲದಂತಾಗಿ ಕೌಂಟರಿನಾಕೆ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಮ್ಯಾನೇಜರು ರಟ್ಟಿನ ಚೀಟಿಯ ಸುದ್ದಿ ಎತ್ತಿಲ್ಲ.

ಅಮ್ಮನ ಉತ್ತರಕ್ಕೆ ಯಾಕೆ ಇಷ್ಟು ದಿನ ಹಿಡಿಯಿತು ಎಂದು ನೀವು ಕೇಳಬಹುದು. ಮೊದಲು ನನ್ನ ಪೆನ್ನು ಸರಿಯಿಲ್ಲ ಎಂದಳು. ಆಮೇಲೆ ಕಾಗದಕ್ಕೆ ಗೆರೆ ಬೇಕು ಎಂದಳು. ಬರೆಯಲು ಕೂತಾಗೆಲ್ಲ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಆ ಪುಸ್ತಕವನ್ನು ಹೇಗಾದರೂ ತೆಗೆದು ಅಂಚೆಗೆ ಹಾಕಿಬಿಡಲಾ, ಪಕ್ಕದ ಮನೆಯವರನ್ನು ಕರೆದರೆ ಬೀರು ಎತ್ತುತ್ತಾರೆ ಎಂದು ನಾನು ಒಮ್ಮೆ ಕೇಳಿದೆ.

“ಯಾರೂ ಮುಟ್ಟಕೂಡದು” ಎಂದಳು. “ಪುಸ್ತಕ ಕೈಗೆ ಸಿಕ್ಕಿದ್ರೆ ಮನುಷ್ಯ ಬರ್ತಾರಾ? ಇಟ್ಟೋರೇ ಬಂದು ತೆಗೀಲಿ.”

ನಿನ್ನೆ ಕೊನೆಗೂ ಬರೆದು ಮುಗಿಸಿದಳು. ಹೊರಗೆ ತಂದು ನನ್ನ ಎದುರಿಗೇ ಮಡಿಸಿದಳು. ಒಂದು ಸಲ ನೋಡಿ ತಿದ್ದಿಕೊಡಲಾ ಎಂದೆ, ಅಭ್ಯಾಸ ಬಲ.

“ಬೇಡಮ್ಮ, ನಿನ್ನ ತಿದ್ದುಪಡಿ ಕಂಡಿದ್ದೀನಿ. ನಾನು ಬೈದಿದ್ದು ಅವರಿಗೆ ಬೈದ ಹಾಗೇ ಮುಟ್ಟಲಿ.” ಅನ್ನದ ಅಗುಳು ಹಚ್ಚಿ ಅಂಟಿಸಿ, ಮೇಲೆ ಮುಷ್ಟಿಯಿಂದ ಗುದ್ದಿದಳು. ಅದನ್ನೇ ಇದರೊಳಗೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ಕೂಡ ನೋಡಿಲ್ಲ. ಆಫೀಸಿನಲ್ಲಿ ಮೂರು ಕಡೆ ದಾರಿ ಬಿಟ್ಟು ನಿಂತವಳಿಗೆ ಮನೆಯಲ್ಲಿ ಒಂದು ಕಡೆ ಹಾಗೆ ದಾರಿ ಬಿಡುವುದು ಎಷ್ಟು ಕಷ್ಟವಾಯಿತೆಂದರೆ, ಅದನ್ನು ನಿಮಗೆ ಹೇಳದೆ ಇರಲಾಗುತ್ತಿಲ್ಲ.

ಇವತ್ತು ಬೆಳಗ್ಗೆ ಬೋಲ್ಟ್ ಮಾಮ ಫೋನ್ ಮಾಡಿದ್ದರು. “ಏನಮ್ಮಾ, ನಿಮ್ಮಪ್ಪ ನಿನ್ನೆಯಿಂದ ನನ್ನ ಗೋದಾಮನ್ನೆಲ್ಲ ಜಾಲಾಡ್ತಿದ್ದಾನೆ. ಲಾರಿ ಎತ್ತೋ ಜಾಕ್ ಬೇಕಂತೆ. ಚೀಲದಲ್ಲಿ ಹಿಡಿಯೋ ಅಂಥದ್ದೇ ಬೇಕಂತೆ. ನಿಮ್ಮನೇಲಿ ಲಾರಿ ಯಾವಾಗ ತಗೊಂಡ್ರಿ?”

ಪಕ್ಕದಲ್ಲೇ ಇದ್ದ ಅಮ್ಮನಿಗೂ ಅದು ಕೇಳಿಸಿತು. ಬೀರುವಿನ ಮುಂದಿದ್ದ ಕುರ್ಚಿ, ಪೆಟ್ಟಿಗೆ, ಒಗೆದ ಬಟ್ಟೆಯ ರಾಶಿ, ಎಲ್ಲವನ್ನೂ ಆಚೆ ಸರಿಸಿ ಒಬ್ಬರು ಕೂತು ಕೆಲಸ ಮಾಡುವಷ್ಟು ಜಾಗ ಮಾಡಿ, ಕಸ ಗುಡಿಸಿದಳು. ನಾನು ಇಷ್ಟು ಬರೆದು ಅಂಚೆಗೆ ಹೊರಟಾಗ ಬಾಗಿಲಲ್ಲಿ ತಡೆದಳು.

“ಇವತ್ತು ಹಾಕ್ಬೇಡ.”

“ಮತ್ತೆ ಯಾವಾಗ?”

“ಇವತ್ತು ಸಂಜೆ ಒಂದು ಬಸ್ಸಿದೆ, ನಾಳೆ ಎರಡಿದೆ. ಅದೂ ನೋಡೋಣ. ಎದುರಿಗೇ ಬೈಯೋಕೆ ಆಗೋ ಹಾಗಿದ್ರೆ ಅಂಚೆಯವನಿಗ್ಯಾಕೆ ತೊಂದರೆ?”

ಹಾಗಾಗಿ, ಅಪ್ಪಾ, ನೀವು ಈ ಕಾಗದ ಓದುತ್ತಿದ್ದೀರಿ ಎಂದರೆ ಮೂರು ಬಸ್ಸುಗಳಲ್ಲೂ ನೀವು ಬರಲಿಲ್ಲ ಎಂದರ್ಥ. ಆಗ ಅಮ್ಮನ ಲಕೋಟೆಯನ್ನು ಒಡೆಯುವ ಮೊದಲು ಗಟ್ಟಿಯಾಗಿ ಏನನ್ನಾದರೂ ಹಿಡಿದುಕೊಳ್ಳಿ. ನಾನೇನೂ ತಿದ್ದಿಲ್ಲ.

ನಿಮ್ಮ
ಮಗಳು

ಅಂಚೆಗೆ ಹಾಕುವುದು: ಸೆಪ್ಟೆಂಬರ್ ೧೪, ಸೋಮವಾರ